ತೋಳಿಗೆ ಸಾಲದ ಪಟ್ಟಿ

ಮೊದಲನೆಯ ಶನಿವಾರವೇ ನನ್ನಿಂದ ಒಂದು ತಪ್ಪಾಯಿತು. ಅಟ್ಲಾಂಟಾದ ನೈಋತ್ಯ ಭಾಗದಲ್ಲಿ, ಕಪ್ಪು ಅಮೆರಿಕನ್ನರೇ ಹೆಚ್ಚಾಗಿರುವ ಬಡಾವಣೆಯೊಂದರ ಕ್ಷೌರದಂಗಡಿಯಲ್ಲಿ, ಅಲ್ಲಿನ ಚರ್ಚಿನವರು ಏರ್ಪಡಿಸಿದ್ದ ಬಿಪಿ ತಪಾಸಣೆಗೆ ನಾನು ಸ್ವಯಂಸೇವಕಿಯಾಗಿ ಹೋಗಿದ್ದೆ. ಕುರ್ಚಿಯಲ್ಲಿ ಕುಳಿತಿದ್ದವರು ಐವತ್ತರ ಆಸುಪಾಸಿನ ಲಾರಿ ಚಾಲಕರು. ಕೊರಳಿಗೆ ಕಟ್ಟಿದ್ದ ಹೊದಿಕೆಯ ಅಡಿಯಿಂದ ಅವರ ತೋಳನ್ನು ಹೊರಗೆ ತೆಗೆಸಿ, ಬಿಪಿ ಮಿಷನ್ನಿನ ಪಟ್ಟಿ ಸುತ್ತಿದೆ. ಪಟ್ಟಿಯ ಅಂಚು ಹೇಗೋ ಎರಡು ಬೆರಳಿನಷ್ಟು ಹಿಡಿದುಕೊಂಡಿತು. ಗಾಳಿ ತುಂಬಿ, ಇಳಿದು, ಮಿಷನ್ನು 178ರ ಮೇಲೆ 104 ಎಂದು ತೋರಿಸಿತು. ನಾನು ಗಂಭೀರ ಮುಖ ಮಾಡಿಕೊಂಡು ಉಪದೇಶಕ್ಕೆ ಸಿದ್ಧಳಾಗುತ್ತಿದ್ದಂತೆ, ಮೊಮ್ಮಗನ ಸರದಿಗಾಗಿ ಬೆಂಚಿನ ಮೇಲೆ ಕಾಯುತ್ತಿದ್ದ ನಿವೃತ್ತ ನರ್ಸ್ ಒಬ್ಬರು, ಕುಳಿತಲ್ಲಿಂದಲೇ, "ಮಗಳೇ, ಆ ಪಟ್ಟಿ ಅವನ ತೋಳಿಗೆ ಸಾಲದು" ಎಂದರು.

ಅವರ ಮಾತು ಸರಿಯಾಗಿತ್ತು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಒತ್ತಡ ಇದ್ದದ್ದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಕೆಲವೊಮ್ಮೆ ಹತ್ತಿಪ್ಪತ್ತು ಅಂಕಗಳಷ್ಟು. ಓದುವಾಗ ಕಲಿತ ಪಾಠವಿದು, ಮರೆತಿದ್ದೆ ಎಂದು ಹೇಳುವಂತಿಲ್ಲ. ದೊಡ್ಡ ಪಟ್ಟಿಯನ್ನು ತಂದೇ ಇರಲಿಲ್ಲ, ಅಷ್ಟೆ. ಆ ಚಾಲಕರು ತೋಳನ್ನು ಮತ್ತೆ ಹೊದಿಕೆಯೊಳಗೆ ಎಳೆದುಕೊಂಡು, "ಈ ಅಂಕಿ ಎಲ್ಲಿಗೂ ಹೋಗುವುದಿಲ್ಲ ತಾನೇ?" ಎಂದು ಕೇಳಿದರು. ಇಲ್ಲ ಎಂದೆ. ಹಾಗೇಕೆ ಕೇಳಿದರೆಂಬುದು ಆಗ ನನಗೆ ಹೊಳೆಯಲಿಲ್ಲ.

ನಾನು 1999ರಲ್ಲಿ ದಾವಣಗೆರೆಯಲ್ಲಿ ಬಿ.ಫಾರ್ಮ್ ಮುಗಿಸಿದವಳು. ಇಲ್ಲಿಗೆ ಬಂದು, ಇಲ್ಲಿನ ಪರೀಕ್ಷೆಗಳನ್ನೆಲ್ಲ ಬರೆದು, ಹಲವು ವರ್ಷಗಳಿಂದ ಔಷಧದಂಗಡಿಯ ಕೌಂಟರಿನ ಹಿಂದೆ ನಿಂತಿದ್ದೇನೆ. ಡಾಕ್ಟರು ಬರೆದ ಮಾತ್ರೆಗಳನ್ನು ಎಣಿಸಿ, ಕಿತ್ತಳೆ ಬಣ್ಣದ ಡಬ್ಬಿಗೆ ತುಂಬಿ, ಹೆಸರು ಅಂಟಿಸಿ, ಕಾಗದದ ಚೀಲದಲ್ಲಿ ಹಾಕಿ ಅಕ್ಷರಾನುಕ್ರಮದಲ್ಲಿ ನೇತುಹಾಕುತ್ತೇವೆ. ಎರಡು ವಾರದೊಳಗೆ ಯಾರೂ ಬಂದು ಒಯ್ಯದಿದ್ದರೆ ಹೆಸರಿನ ಚೀಟಿ ಕಿತ್ತು, ಡಬ್ಬಿಯನ್ನು ಮರಳಿ ಕಪಾಟಿಗೆ ಸೇರಿಸುವುದು ರೂಢಿ. ಹೀಗೆ ಮರಳಿ ಹೋಗುವ ಡಬ್ಬಿಗಳಲ್ಲಿ ಬಿಪಿ ಮಾತ್ರೆಗಳೇ ಹೆಚ್ಚೆಂದು ನನಗೆ ಅನ್ನಿಸುತ್ತಿತ್ತು. ಜನರಿಗೆ ತಿಳಿವಳಿಕೆ ಇಲ್ಲ, ಮೂಡಿಸಬೇಕು ಎಂದುಕೊಂಡು, ಕರಪತ್ರಗಳ ಕಟ್ಟು ಹಿಡಿದುಕೊಂಡೇ ನಾನು ಆ ಕ್ಷೌರದಂಗಡಿಗೆ ಹೋದದ್ದು.

ರೋಗದ ಭಾರದ ಬಗ್ಗೆ ವಿವಾದವಿಲ್ಲ. ಅಮೆರಿಕದ ಕಪ್ಪು ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತದೊತ್ತಡವಿದೆ. ಅದು ಬೇರೆಯವರಿಗಿಂತ ಚಿಕ್ಕ ವಯಸ್ಸಿನಲ್ಲೇ ಶುರುವಾಗಿ, ಹೃದಯ, ಮಿದುಳು, ಮೂತ್ರಪಿಂಡಗಳನ್ನು ಬೇಗ ಕೆಡಿಸುತ್ತದೆ. ಇದಕ್ಕೆ "ಅವರ ರಕ್ತದಲ್ಲೇ ಬಂದದ್ದು" ಎಂಬ ಸಮಾಧಾನವನ್ನು ಡಾಕ್ಟರುಗಳ ಬಾಯಿಂದಲೂ ಕೇಳಿದ್ದೇನೆ. ಆದರೆ ರಿಚರ್ಡ್ ಕೂಪರ್ ಮತ್ತು ಅವರ ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಕ್ತದೊತ್ತಡ ಇದ್ದವರು ಪಶ್ಚಿಮ ಆಫ್ರಿಕದಲ್ಲಿ ನೂರಕ್ಕೆ 16, ಕೆರಿಬಿಯನ್ ದ್ವೀಪಗಳಲ್ಲಿ 26, ಅಮೆರಿಕದಲ್ಲಿ 33. ಮೂಲ ಒಂದೇ ಇರುವ ಜನ ಅಟ್ಲಾಂಟಿಕ್ ದಾಟಿ ಬಂದಂತೆಲ್ಲ ಅಂಕಿ ಏರಿದೆ ಎಂದ ಮೇಲೆ, ಎಲ್ಲವನ್ನೂ ರಕ್ತದ ತಲೆಗೆ ಕಟ್ಟುವುದು ಹೇಗೆ?

ಕ್ಷೌರದಂಗಡಿಯೇ ಏಕೆ ಎಂದು ಊರಿನ ಗೆಳತಿಯರು ಕೇಳುತ್ತಾರೆ. ಕಪ್ಪು ಬಡಾವಣೆಯ ಕ್ಷೌರದಂಗಡಿ ಎಂದರೆ ಒಂದು ಬಗೆಯ ಅರಳಿಕಟ್ಟೆ. ಶನಿವಾರ ಬೆಳಿಗ್ಗೆ ಹೋದವರು ತಲೆಗೂದಲು ಕತ್ತರಿಸಿಕೊಂಡ ಮೇಲೂ ಎದ್ದು ಹೋಗುವುದಿಲ್ಲ. ರಾಜಕೀಯ, ಬ್ಯಾಸ್ಕೆಟ್‌ಬಾಲ್, ಯಾರ ಮಗ ಜೈಲಿನಿಂದ ಬಂದ, ಯಾರ ಮನೆ ಹರಾಜಾಯಿತು, ಎಲ್ಲವೂ ಅಲ್ಲಿ ಚರ್ಚೆಗೆ ಬರುತ್ತದೆ. ಬಿಪಿ ನೋಡುವಾಗ ಮಾತನಾಡಬಾರದು ಎಂಬ ನಿಯಮವನ್ನು ಅಲ್ಲಿ ಜಾರಿಗೆ ತರುವುದು ದೇವರಿಂದಲೂ ಆಗದ ಕೆಲಸ. ಹತ್ತಿಪ್ಪತ್ತು ವರ್ಷ ಒಬ್ಬನೇ ಕ್ಷೌರಿಕನ ಬಳಿಗೆ, ಎರಡು ವಾರಕ್ಕೊಮ್ಮೆ ತಪ್ಪದೆ ಬರುವ ಗಂಡಸರು ಅಲ್ಲಿದ್ದಾರೆ. ಅದೇ ಗಂಡಸರಲ್ಲಿ ಎಷ್ಟೋ ಮಂದಿಗೆ ಖಾಯಂ ಡಾಕ್ಟರಿಲ್ಲ.

ಇದನ್ನು ಗಂಭೀರವಾಗಿ ಪರೀಕ್ಷೆಗೆ ಒಡ್ಡಿದವರು ಲಾಸ್ ಏಂಜಲೀಸಿನ ಸೀಡರ್ಸ್-ಸೈನಾಯ್ ಸಂಸ್ಥೆಯ ಹೃದ್ರೋಗ ತಜ್ಞ ರೊನಾಲ್ಡ್ ವಿಕ್ಟರ್. ಕಪ್ಪು ಜನರೇ ನಡೆಸುವ 52 ಕ್ಷೌರದಂಗಡಿಗಳಲ್ಲಿ, ರಕ್ತದೊತ್ತಡವಿದ್ದ 319 ಖಾಯಂ ಗಿರಾಕಿಗಳ ಮೇಲೆ ಅವರು ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು; ಅದೇ ವರ್ಷ ಅವರು ತೀರಿಕೊಂಡರು. ಅದರ ಮುಖ್ಯ ಫಲಿತಾಂಶವನ್ನು ಎಲ್ಲರೂ ಹೇಳುತ್ತಾರೆ. ಆರು ತಿಂಗಳಲ್ಲಿ ಮೇಲಿನ ಅಂಕಿ ಸರಾಸರಿ 152.8ರಿಂದ 125.8ಕ್ಕೆ, ಅಂದರೆ 27 ಅಂಕ ಇಳಿಯಿತು. ಮಾತ್ರೆಯ ಜಗತ್ತಿನಲ್ಲಿ ಬದುಕುವ ನನ್ನಂಥವರಿಗೆ ಇದು ಕಣ್ಣುಜ್ಜಿಕೊಂಡು ಓದಬೇಕಾದ ಸಂಖ್ಯೆ.

ನನ್ನ ಕಣ್ಣು ನೆಟ್ಟದ್ದು ಮಾತ್ರ ಅದರ ಪಕ್ಕದ ಸಾಲಿನಲ್ಲಿ. ಅಂಗಡಿಗಳನ್ನು ಎರಡು ಗುಂಪು ಮಾಡಲಾಗಿತ್ತು. ಒಂದು ಗುಂಪಿನಲ್ಲಿ ಕ್ಷೌರಿಕರು ಗಿರಾಕಿಗಳಿಗೆ ಉಪ್ಪು ಕಡಿಮೆ ಮಾಡಿ, ನಡೆದಾಡಿ, ಡಾಕ್ಟರನ್ನು ಕಾಣಿ ಎಂದು ಹುರಿದುಂಬಿಸುತ್ತಿದ್ದರು. ಮತ್ತೊಂದರಲ್ಲಿ ಕ್ಷೌರಿಕನ ಮಾತಿನ ಜೊತೆಗೆ, ವಿಶೇಷ ತರಬೇತಿ ಪಡೆದ ಫಾರ್ಮಸಿಸ್ಟ್ ಅಂಗಡಿಗೇ ಬಂದು, ಡಾಕ್ಟರುಗಳೊಂದಿಗಿನ ಒಪ್ಪಂದದ ಮೇರೆಗೆ ಅಲ್ಲೇ ಮಾತ್ರೆ ಬರೆದು, ಅಲ್ಲೇ ರಕ್ತ ಪರೀಕ್ಷಿಸಿ, ಅಂಕಿ ಇಳಿಯುವವರೆಗೆ ಔಷಧ ಬದಲಿಸುತ್ತಿದ್ದರು. 27 ಅಂಕ ಇಳಿದದ್ದು ಈ ಎರಡನೆಯ ಗುಂಪಿನಲ್ಲಿ. ಹುರಿದುಂಬಿಸಿದ ಗುಂಪಿನಲ್ಲಿ ಇಳಿದದ್ದು 9.3. 130/80ರ ಒಳಗೆ ಬಂದವರು ಅಲ್ಲಿ ನೂರಕ್ಕೆ 63.6, ಇಲ್ಲಿ 11.7. ಮೊದಲ ಗುಂಪಿನವರು ಮಾಡಿದ್ದು ಕೆಟ್ಟ ಕೆಲಸವೇನಲ್ಲ. ಅದು ನಾನು ಕರಪತ್ರ ಹಿಡಿದು ಮಾಡುತ್ತಿದ್ದ ಕೆಲಸವೇ. ಮುಂಜಾಗ್ರತೆಯ ಆರೋಗ್ಯಕ್ಕೆ ಪ್ರೋತ್ಸಾಹ ಎಂದು ನಾವು ಕರೆಯುವುದನ್ನು ಶ್ರದ್ಧೆಯಿಂದ ಮಾಡಿದರೆ ಎಷ್ಟು ಸಿಗುತ್ತದೆಂದು ಆ ಅಧ್ಯಯನ ಅಳೆದು ಕೊಟ್ಟಿತ್ತು. ಮಾತಿನ ಹಿಂದೆಯೇ ಚಿಕಿತ್ಸೆಯೂ ನಡೆದು ಬಂದರೆ ಎಷ್ಟು ಸಿಗುತ್ತದೆಂಬುದನ್ನೂ ಅಳೆದಿತ್ತು. ಆ ಚಿಕಿತ್ಸೆಯಲ್ಲಿ ಹೊಸ ಔಷಧವೇನೂ ಇರಲಿಲ್ಲ. ಅಮ್ಲೋಡಿಪಿನ್ ಮೊದಲಾದ ಹಳೆಯ, ಅಗ್ಗದ ಮಾತ್ರೆಗಳೇ. ನಮ್ಮೂರಿನ ಯಾವ ಮೆಡಿಕಲ್ ಶಾಪಿನಲ್ಲೂ ಸಿಗುವಂಥವು.

ಕಪ್ಪು ಜನ ಡಾಕ್ಟರ ಬಳಿ ಹೋಗುವುದಿಲ್ಲವೆಂದರೆ, ಹಾಗೆ ಹೇಳುವವರು ಮರುಗಳಿಗೆಗೆ ತೆಗೆಯುವ ಹೆಸರು ಟಸ್ಕೀಗಿ. ಅಟ್ಲಾಂಟಾದಿಂದ ಎರಡು ಗಂಟೆಯ ದಾರಿ. ಅಲಬಾಮಾದ ಗಡಿ ದಾಟಿದ ಕೂಡಲೇ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಕಳೆದ ಚಳಿಗಾಲದಲ್ಲಿ ಒಂದು ಭಾನುವಾರ ಹೋಗಿದ್ದೆ. ಇಟ್ಟಿಗೆಯ ಕಟ್ಟಡಗಳ ನಡುವೆ ಬುಕರ್ ಟಿ. ವಾಷಿಂಗ್ಟನ್ನರ ಪ್ರತಿಮೆ ಇದೆ. ಗುಲಾಮಗಿರಿಯಲ್ಲಿ ಹುಟ್ಟಿ, 1881ರಲ್ಲಿ ಆ ವಿದ್ಯಾಸಂಸ್ಥೆಯನ್ನು ಕಟ್ಟಲಾರಂಭಿಸಿದವರು ಅವರು. ಕಪ್ಪು ಜನರ ಮುಂಜಾಗ್ರತೆಯ ಆರೋಗ್ಯ ಎಂಬ ವಿಷಯಕ್ಕೆ ದೇಶವ್ಯಾಪಿ ಚಳವಳಿಯ ರೂಪ ಸಿಕ್ಕಿದ್ದೂ ಅಲ್ಲಿಂದಲೇ. 1915ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್ನರ ಕರೆಯ ಮೇರೆಗೆ ಆರೋಗ್ಯ ಸಪ್ತಾಹವೊಂದು ಆರಂಭವಾಯಿತು. ಮನೆ, ಅಂಗಳ, ಬಾವಿಗಳ ಶುಚಿ, ಕ್ಷಯದ ತಡೆ, ಮಕ್ಕಳ ಆರೈಕೆ ಎಂದು ಚರ್ಚುಗಳೂ ಶಾಲೆಗಳೂ ಮಹಿಳಾ ಸಂಘಗಳೂ ವರ್ಷ ವರ್ಷವೂ ಅದನ್ನು ನಡೆಸಿದವು. 1930ರ ದಶಕದಲ್ಲಿ ಅದರ ಹೊಣೆಯನ್ನು ಸರ್ಕಾರದ ಸಾರ್ವಜನಿಕ ಆರೋಗ್ಯ ಸೇವೆಯೇ ವಹಿಸಿಕೊಂಡಿತು.

ಅದೇ ಸೇವೆ, ಅದೇ ಊರಿನ ಸುತ್ತಲಿನ ಮೇಕನ್ ಕೌಂಟಿಯಲ್ಲಿ, 1932ರಲ್ಲಿ ಆ ಇನ್ನೊಂದು ಕೆಲಸವನ್ನು ಶುರುಮಾಡಿತು. ಸುಮಾರು 600 ಕಪ್ಪು ಗಂಡಸರು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ಎಂಬ ಲೈಂಗಿಕ ರೋಗ ಇತ್ತು. ಅವರಿಗೆ ರೋಗವನ್ನು ಚುಚ್ಚಿ ಅಂಟಿಸಿದರೆಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ, ಅದು ನಿಜವಲ್ಲ. ಇದ್ದ ರೋಗವನ್ನು ಹೇಳದೆ, ಚಿಕಿತ್ಸೆ ಕೊಡದೆ, ಅದು ಎಲ್ಲಿಗೆ ಒಯ್ಯುತ್ತದೆಂದು ನೋಡುತ್ತ ಕುಳಿತರು. "ಕೆಟ್ಟ ರಕ್ತ"ಕ್ಕೆ ಔಷಧ ಕೊಡುತ್ತೇವೆಂದು ಕರೆದರು. ಬಿಸಿಯೂಟ, ಕಾರಿನಲ್ಲಿ ಕರೆತರುವ ವ್ಯವಸ್ಥೆ, ಸತ್ತರೆ ಮಣ್ಣು ಮಾಡುವ ಖರ್ಚು ಕೊಟ್ಟರು. ಬೆನ್ನುಹುರಿಯಿಂದ ದ್ರವ ತೆಗೆಯುವ ನೋವಿನ ಪರೀಕ್ಷೆಗೆ ಕರೆದ ಪತ್ರದಲ್ಲಿ, ಇದು ವಿಶೇಷ ಉಚಿತ ಚಿಕಿತ್ಸೆಗೆ ನಿಮ್ಮ ಕೊನೆಯ ಅವಕಾಶ ಎಂದು ಬರೆದಿದ್ದರು. 1947ರ ಹೊತ್ತಿಗೆ ಪೆನಿಸಿಲಿನ್ ಎಲ್ಲೆಡೆ ಬಳಕೆಗೆ ಬಂದ ಮೇಲೂ ಅದನ್ನು ಕೊಡಲಿಲ್ಲ. ಸೇವೆಯಲ್ಲೇ ಕೆಲಸ ಮಾಡಿದ್ದ ಪೀಟರ್ ಬಕ್ಸ್ಟನ್ ಎಂಬವರು ಒಳಗೆ ದೂರಿ ದೂರಿ ಸೋತು, ಕೊನೆಗೆ ಪತ್ರಿಕೆಯವರಿಗೆ ತಿಳಿಸಿದ್ದರಿಂದ 1972ರಲ್ಲಿ ಸುದ್ದಿ ಹೊರಬಿತ್ತು. ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೇಳಿದ್ದು 1997ರಲ್ಲಿ.

ಆ ಪತ್ರದ ಭಾಷೆಯನ್ನು ಮತ್ತೊಮ್ಮೆ ಗಮನಿಸಬೇಕು. ಉಚಿತ, ವಿಶೇಷ, ಕೊನೆಯ ಅವಕಾಶ, ಬನ್ನಿ. ನನ್ನ ಚೀಲದಲ್ಲಿದ್ದ ಕರಪತ್ರದ ಮೇಲೂ ಹೆಚ್ಚೂಕಡಿಮೆ ಅವೇ ಪದಗಳಿದ್ದವು.

ವಾಷಿಂಗ್ಟನ್ನರ ಸಾವಿನ ಕಥೆಯೂ ಇದಕ್ಕೇ ಹೆಣೆದುಕೊಂಡಿದೆ. ಆರೋಗ್ಯ ಸಪ್ತಾಹ ಆರಂಭಿಸಿದ ವರ್ಷದ ನವೆಂಬರಿನಲ್ಲೇ, 59ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ನ್ಯೂಯಾರ್ಕಿನಲ್ಲಿ ಅವರನ್ನು ನೋಡಿದ ಡಾಕ್ಟರೊಬ್ಬರು ಕಾಯಿಲೆಗೆ "ಜನಾಂಗದ ಗುಣಲಕ್ಷಣ"ಗಳು ಕಾರಣವೆಂದು ಪತ್ರಿಕೆಯವರೊಡನೆ ಆಡಿದರು. ಆ ಕಾಲದಲ್ಲಿ ಅದು ಸಿಫಿಲಿಸ್ ಎಂಬುದಕ್ಕೆ ಹೊದಿಸಿದ ಮುಸುಕು. ವಂಶಸ್ಥರ ಅನುಮತಿ ಪಡೆದು 2006ರಲ್ಲಿ ವೈದ್ಯರು ಹಳೆಯ ದಾಖಲೆಗಳನ್ನು ತೆರೆದು ನೋಡಿದಾಗ ಕಂಡದ್ದು ರಕ್ತದೊತ್ತಡ, ಅದೂ ಸಾಮಾನ್ಯಕ್ಕಿಂತ ಎರಡು ಪಟ್ಟಿನಷ್ಟು. ಅವರ ಪ್ರತಿಮೆಯ ಮುಂದೆ ನಿಂತಿದ್ದಾಗ ನನಗೆ ನೆನಪಾದದ್ದು ಇದು.

ಹಾಗೆಂದು ಎಲ್ಲವನ್ನೂ ಟಸ್ಕೀಗಿಯ ಮೇಲೆ ಹೊರಿಸುವುದೂ ಒಂದು ಬಗೆಯ ನುಣುಚಿಕೊಳ್ಳುವಿಕೆಯೇ. ಹಳೆಯ ಗಾಯವೆಂದರೆ ಇಂದಿನವರು ಕೈತೊಳೆದುಕೊಳ್ಳಬಹುದಲ್ಲ. ಕ್ಷೌರದಂಗಡಿಯಲ್ಲಿ ನಾನು ಕೂತ ಅಷ್ಟು ಶನಿವಾರಗಳಲ್ಲಿ ಟಸ್ಕೀಗಿಯ ಹೆಸರೆತ್ತಿದವರು ಇಬ್ಬರೋ ಮೂವರೋ. ಉಳಿದವರು ಹೇಳಿದ್ದು ಕಳೆದ ವರ್ಷದ ಸಂಗತಿಗಳನ್ನು: ನೋವೆಂದರೆ ನಂಬಲಿಲ್ಲ, ಮೂರು ಗಂಟೆ ಕಾಯಿಸಿ ಏಳು ನಿಮಿಷ ನೋಡಿದರು, ಬಿಲ್ಲು ಆರು ತಿಂಗಳ ಮೇಲೆ ಬಂತು. ಎಪ್ಪತ್ತೈದು ದಾಟಿದ ಒಬ್ಬರು ಮಾತ್ರ ಅಟ್ಲಾಂಟಾದ ಗ್ರೇಡಿ ಆಸ್ಪತ್ರೆಯನ್ನು "ಗ್ರೇಡಿಗಳು" ಎಂದು ಬಹುವಚನದಲ್ಲಿ ಕರೆಯುತ್ತಾರೆ. ಬಿಳಿಯರಿಗೊಂದು ಭಾಗ, ಕರಿಯರಿಗೊಂದು ಭಾಗವೆಂದು ಎರಡಾಗಿದ್ದ ಆಸ್ಪತ್ರೆ ಒಂದಾದದ್ದು 1965ರಲ್ಲಿ. ಅವರ ನಾಲಿಗೆಯಲ್ಲಿ ಅದಿನ್ನೂ ಒಂದಾಗಿಲ್ಲ.

ಡಾಕ್ಟರು ಯಾರು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ ಮಾರ್ಸೆಲಾ ಅಲ್ಸಾನ್ ಮತ್ತು ಸಂಗಡಿಗರು, ಕ್ಷೌರದಂಗಡಿ, ಸಂತೆಗಳಿಂದ ಸುಮಾರು 1300 ಕಪ್ಪು ಗಂಡಸರನ್ನು ಆಹ್ವಾನಿಸಿ, ಬಂದವರಲ್ಲಿ ಕೆಲವರನ್ನು ಕಪ್ಪು ಡಾಕ್ಟರ ಬಳಿಗೂ ಕೆಲವರನ್ನು ಬೇರೆಯವರ ಬಳಿಗೂ ಕಳುಹಿಸಿದರು. ಡಾಕ್ಟರ ಫೋಟೋ ಮಾತ್ರ ನೋಡಿದ್ದಾಗ ಪರೀಕ್ಷೆಗೆ ಒಪ್ಪುವುದರಲ್ಲಿ ವ್ಯತ್ಯಾಸವಿರಲಿಲ್ಲ. ಎದುರು ಕೂತು ಮಾತಾಡಿದ ಮೇಲೆ ಕಪ್ಪು ಡಾಕ್ಟರ ಬಳಿ ಹೋದವರು ಹೆಚ್ಚು ಪರೀಕ್ಷೆಗಳಿಗೆ ಒಪ್ಪಿದರು, ಅದರಲ್ಲೂ ಸೂಜಿ ಚುಚ್ಚುವಂಥವಕ್ಕೆ. ಆದರೆ ಅಂಥ ಡಾಕ್ಟರುಗಳು ಎಲ್ಲಿದ್ದಾರೆ? ವೈದ್ಯಕೀಯ ಶಾಲೆಗಳ ಗುಣಮಟ್ಟವನ್ನು ಪರಿಶೀಲಿಸಿದ 1910ರ ಫ್ಲೆಕ್ಸ್‌ನರ್ ವರದಿಯ ನಂತರ ಏಳು ಕಪ್ಪು ವೈದ್ಯಕೀಯ ಶಾಲೆಗಳಲ್ಲಿ ಐದು ಮುಚ್ಚಿ, ಹೊವಾರ್ಡ್ ಮತ್ತು ಮೆಹಾರಿ ಮಾತ್ರ ಉಳಿದವು. ಜನಸಂಖ್ಯೆಯಲ್ಲಿ ನೂರಕ್ಕೆ ಹದಿಮೂರಕ್ಕೂ ಮೀರಿದ ಜನರಿಂದ ಬಂದ ಡಾಕ್ಟರುಗಳು ಇಂದಿಗೂ ನೂರಕ್ಕೆ ಆರರ ಆಸುಪಾಸು. ಆ ಖಾಲಿ ಜಾಗಗಳನ್ನು ತುಂಬಿದವರಲ್ಲಿ ಭಾರತದಿಂದ ಬಂದ ನಮ್ಮವರು ಬಹಳ. ಕನ್ನಡ ಕೂಟದ ಯುಗಾದಿ ಊಟಕ್ಕೆ ಹೋದರೆ ಒಂದು ಸಾಲಿನಲ್ಲಿ ನಾಲ್ಕು ಡಾಕ್ಟರು ಕೂತಿರುತ್ತಾರೆ. ಅದೇ ಸಾಲಿನಲ್ಲಿ "ಆ ಏರಿಯಾದ ಪೇಷಂಟುಗಳು ಮಾತು ಕೇಳೋದಿಲ್ಲ" ಎಂಬ ಮಾತೂ, ಅದನ್ನು ಹೇಳುವ ಧಾಟಿಯೂ ನನ್ನ ಕಿವಿಗೆ ಬಿದ್ದಿದೆ. ನಾನು ಆಗ ಸುಮ್ಮನೆ ಒಬ್ಬಟ್ಟು ತಿಂದಿದ್ದೇನೆ.

"ಬ್ಲ್ಯಾಕ್ ಪ್ಯಾಂಥರ್" ಚಿತ್ರದ ಕಪ್ಪು ನಟ ಚಾಡ್ವಿಕ್ ಬೋಸ್ಮನ್ ದೊಡ್ಡ ಕರುಳಿನ ಕ್ಯಾನ್ಸರಿನಿಂದ 2020ರ ಆಗಸ್ಟಿನಲ್ಲಿ, 43ರ ಹರೆಯದಲ್ಲಿ ತೀರಿಕೊಂಡಾಗ, ಔಷಧದಂಗಡಿಯ ಕೌಂಟರಿಗೆ ಬಂದು ಆ ಪರೀಕ್ಷೆ ಎಲ್ಲಿ ಮಾಡುತ್ತಾರೆಂದು ಕೇಳಿದ ಕಪ್ಪು ಗಂಡಸರನ್ನು ನಾನು ಬಲ್ಲೆ. ಆ ಕ್ಯಾನ್ಸರಿನಿಂದ ಸಾಯುವ ಸಂಭವ ಕಪ್ಪು ಅಮೆರಿಕನ್ನರಿಗೆ ಇತರ ಬಹುತೇಕರಿಗಿಂತ ಸುಮಾರು 40 ಶೇಕಡ ಹೆಚ್ಚು. 2021ರಲ್ಲಿ ಪರೀಕ್ಷೆ ಆರಂಭಿಸುವ ವಯಸ್ಸನ್ನು ಎಲ್ಲರಿಗೂ 50ರಿಂದ 45ಕ್ಕೆ ಇಳಿಸಲಾಯಿತು. ಅವರು ಕೇಳುತ್ತಿದ್ದ ಎರಡನೆಯ ಪ್ರಶ್ನೆ ಮಾತ್ರ ಎಲ್ಲರದ್ದೂ ಒಂದೇ: "ಏನಾದರೂ ಸಿಕ್ಕಿದರೆ ಆಮೇಲೆ?"

ಈ ಪ್ರಶ್ನೆಗೆ ಡೆಲವೇರ್ ಎಂಬ ಪುಟ್ಟ ರಾಜ್ಯ ಉತ್ತರ ಕೊಟ್ಟಿತ್ತು. 2000ದ ದಶಕದಲ್ಲಿ ಅಲ್ಲಿನ ಸರ್ಕಾರ ಕರುಳಿನ ಪರೀಕ್ಷೆಯನ್ನು ಇನ್ಶೂರೆನ್ಸ್ ಇಲ್ಲದವರಿಗೂ ಕೊಟ್ಟಿತು. ಅಪಾಯಿಂಟ್ಮೆಂಟ್ ಹಿಡಿಯುವುದರಿಂದ ಹಿಡಿದು ಜೊತೆಗೆ ನಡೆದು ದಾರಿ ತೋರಿಸುವ ನರ್ಸುಗಳನ್ನು ನೇಮಿಸಿತು. ಕ್ಯಾನ್ಸರ್ ಸಿಕ್ಕಿದರೆ ಎರಡು ವರ್ಷದವರೆಗೆ ಚಿಕಿತ್ಸೆಯ ಖರ್ಚನ್ನೂ ಹೊತ್ತಿತು. ದಶಕದ ಆರಂಭದಲ್ಲಿ ಪರೀಕ್ಷೆ ಮಾಡಿಸಿಕೊಂಡಿದ್ದ ಕಪ್ಪು ಜನ ನೂರಕ್ಕೆ 48. 2009ರಲ್ಲಿ 74, ಬಿಳಿಯರಷ್ಟೇ. ಆ ಕ್ಯಾನ್ಸರಿನ ಸಾವಿನಲ್ಲಿದ್ದ ಅಂತರವೂ ಬಹುತೇಕ ಮುಚ್ಚಿಹೋಯಿತು. ಅವರ ಸ್ವಭಾವ, ಸಂಸ್ಕೃತಿ, ಅಪನಂಬಿಕೆ ಎಂದು ಪುಟಗಟ್ಟಲೆ ಬರೆದದ್ದೆಲ್ಲ ಏಳೆಂಟು ವರ್ಷಗಳಲ್ಲಿ ಎಲ್ಲಿ ಹೋಯಿತೆಂದು ನಾನು ಕೇಳಿಕೊಳ್ಳುತ್ತೇನೆ. ನಾನಿರುವ ಜಾರ್ಜಿಯಾ, ಬಡವರ ಸರ್ಕಾರಿ ವಿಮೆಯಾದ ಮೆಡಿಕೇಡನ್ನು ಪೂರ್ಣವಾಗಿ ವಿಸ್ತರಿಸಲು ಒಪ್ಪದ ರಾಜ್ಯಗಳಲ್ಲಿ ಒಂದು. ಇಲ್ಲಿ ಬಿಪಿ ನೋಡುವುದು ಸುಲಭ, ನೋಡಿದ ಮೇಲೆ ಎಲ್ಲಿಗೆ ಕಳುಹಿಸುವುದೆಂಬುದು ಕಷ್ಟ.

ಅಳೆಯುವ ಉಪಕರಣದ ಮಾತಿಗೆ ಮರಳುತ್ತೇನೆ. ಮೂತ್ರಪಿಂಡದ ಶಕ್ತಿಯನ್ನು ಲೆಕ್ಕ ಹಾಕುವ ಸೂತ್ರದಲ್ಲಿ, ರೋಗಿ ಕಪ್ಪು ವರ್ಣದವನಾದರೆ ಫಲಿತಾಂಶವನ್ನು ಒಂದಿಷ್ಟು ಹೆಚ್ಚಿಸುವ ಗುಣಕವೊಂದು ವರ್ಷಾನುಗಟ್ಟಲೆ ಇತ್ತು. ಕಾಗದದ ಮೇಲೆ ಮೂತ್ರಪಿಂಡ ಚೆನ್ನಾಗಿ ಕಾಣುತ್ತಿತ್ತು, ತಜ್ಞರ ಬಳಿಗೆ ಹೋಗುವುದೂ ಕಸಿಯ ಸರದಿಗೆ ಸೇರುವುದೂ ತಡವಾಗುತ್ತಿತ್ತು. ಅದನ್ನು ಕೈಬಿಡಬೇಕೆಂದು ತಜ್ಞರ ಸಮಿತಿ ಹೇಳಿದ್ದು 2021ರಲ್ಲಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಕಪ್ಪು ಚರ್ಮದವರಲ್ಲಿ ಆಮ್ಲಜನಕದ ಕೊರತೆಯನ್ನು ಹೆಚ್ಚು ಬಾರಿ ಗುರುತಿಸದೆ ಬಿಡುತ್ತದೆಂಬ ವರದಿ, ಕೋವಿಡ್ ನಡುವೆಯೇ, 2020ರ ಡಿಸೆಂಬರಿನಲ್ಲಿ ಬಂತು. ನನ್ನ ಚಿಕ್ಕ ಪಟ್ಟಿ ಇವುಗಳ ಮುಂದೆ ಸಣ್ಣದು, ಆದರೆ ಅದೇ ಜಾತಿಯದು.

ಲಾರಿ ಚಾಲಕರ ಪ್ರಶ್ನೆಯ ಅರ್ಥವನ್ನು ನನಗೆ ಬಿಡಿಸಿ ಹೇಳಿದವರು ಅಂಗಡಿಯ ಯಜಮಾನರು. ಇಲ್ಲಿ ದೊಡ್ಡ ಲಾರಿ ಓಡಿಸುವವರು ನಿಗದಿತ ಕಾಲಕ್ಕೆ ದೈಹಿಕ ಪರೀಕ್ಷೆಗೆ ಒಳಪಡಬೇಕು. ಬಿಪಿ 140 ದಾಟಿದರೆ ಪ್ರಮಾಣಪತ್ರದ ಅವಧಿ ಮೊಟಕಾಗುತ್ತದೆ, 180 ಮುಟ್ಟಿದರೆ ಚಕ್ರ ಹಿಡಿಯುವಂತಿಲ್ಲ. ನನ್ನ ತಪ್ಪು ಪಟ್ಟಿ ಅವರನ್ನು ಆ ಗೆರೆಯಿಂದ ಎರಡೇ ಅಂಕ ಈಚೆ ನಿಲ್ಲಿಸಿತ್ತು. ಅವರಿಗೆ ಬಿಪಿಯ ಬಗ್ಗೆ ನನಗಿಂತ ಹೆಚ್ಚು ಗೊತ್ತಿತ್ತು. ಅವರ ಅಣ್ಣ 52ಕ್ಕೆ ಲಕ್ವ ಹೊಡೆದು ಮಲಗಿದವರು. ಗೊತ್ತಿದ್ದದ್ದರಿಂದಲೇ ಅವರು ತೋಳು ಎಳೆದುಕೊಂಡದ್ದು. ನನ್ನ ಅಪ್ಪನೂ "ಒಮ್ಮೆ ಮಾತ್ರೆ ಶುರುಮಾಡಿದರೆ ಬಿಡೋಕಾಗಲ್ಲ" ಎಂದು ವರ್ಷಗಟ್ಟಲೆ ಬಿಪಿ ನೋಡಿಸಿಕೊಳ್ಳದೆ ತಳ್ಳಿದವರು. ಆದರೆ ಅವರ ಅನ್ನ ಆ ಅಂಕಿಯ ಮೇಲೆ ನಿಂತಿರಲಿಲ್ಲ, ಹಾಗಾಗಿ ಹೋಲಿಕೆಯನ್ನು ಮುಂದುವರಿಸುವುದಿಲ್ಲ.

ಮೂರನೆಯ ಶನಿವಾರ ಆ ಚಾಲಕರು ಬಂದರು. ನಾನು ದೊಡ್ಡ ಪಟ್ಟಿ ತಂದಿದ್ದೆ. ಐದು ನಿಮಿಷ ಸುಮ್ಮನೆ ಕೂರಿಸಿ, ಕಾಲು ನೆಲಕ್ಕೆ ಊರಿಸಿ, ತೋಳನ್ನು ಕುರ್ಚಿಯ ಕೈಯ ಮೇಲೆ ಮಡಿಸಿದ ಟವೆಲ್ಲಿನ ಮೇಲಿಟ್ಟು ನೋಡಿದಾಗ 158ರ ಮೇಲೆ 96. ಚೀಟಿಯಲ್ಲಿ ಬರೆದು, ದುಡ್ಡು ಕೇಳದ ಕ್ಲಿನಿಕ್ಕೊಂದರ ನಂಬರು ಕೆಳಗೆ ಹಾಕಿ ಕೊಟ್ಟೆ. ಔಷಧ ಬರೆಯುವ ಅಧಿಕಾರ ನನಗಿಲ್ಲ. ಅಲ್ಲಿ ಸಿಕ್ಕ ಮೊದಲ ಅಪಾಯಿಂಟ್ಮೆಂಟ್ ಏಳು ವಾರಗಳ ನಂತರದ್ದು. ಅಷ್ಟು ದಿನ ಏನು ಮಾಡಲಿ ಎಂದು ಅವರು ಕೇಳಿದರು. ನಾನು ಉಪ್ಪಿನ ಮಾತು ಎತ್ತಿದೆ, ಅವರು ನಯವಾಗಿ ತಲೆಯಾಡಿಸಿದರು.

ನಾನು ಚೀಲ ಕಟ್ಟುತ್ತಿದ್ದಾಗ ಯಜಮಾನರು ಬಂದು, ಮಿಷನ್ನನ್ನೂ ದೊಡ್ಡ ಪಟ್ಟಿಯನ್ನೂ ಇಲ್ಲೇ ಬಿಟ್ಟು ಹೋಗಬಹುದೇ ಎಂದರು. ಹೇಗೆ ಸುತ್ತಬೇಕೆಂದು ನನ್ನ ತೋಳಿನ ಮೇಲೆಯೇ ಒಮ್ಮೆ ಸುತ್ತಿ ಕಲಿತರು. ಆಮೇಲೆ ಕನ್ನಡಿಯ ಪಕ್ಕದ ಮೊಳೆಗಳಲ್ಲಿ ಒಂದರಿಂದ ಹಳೆಯ ಕ್ಲಿಪ್ಪರನ್ನು ತೆಗೆದು, ಆ ಜಾಗದಲ್ಲಿ ಪಟ್ಟಿಯನ್ನು ನೇತುಹಾಕಿ, ಮುಂದಿನ ಗಿರಾಕಿಯ ಕೊರಳಿಗೆ ಹೊದಿಕೆ ಕಟ್ಟಲು ತಿರುಗಿದರು.